ಸುಣ್ಣ ಬಳಿದ ಕಡಾಯಿ

ಶಹಾಬಾದಿನಿಂದ ವಾಡಿಯ ಕಡೆಗೆ ಹೋಗುವ ರಸ್ತೆಯ ಬದಿಗಿದ್ದ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಯಾವಾಗಲೂ ಬಾದಾಮಿಯ ವಾಸನೆ ಇರುತ್ತಿತ್ತು. ಹೊರಗಿನವರು ಮೂಗರಳಿಸಿ, ಒಳಗೆ ಮಿಠಾಯಿ ಮಾಡುತ್ತಾರೆ ಎಂದುಕೊಳ್ಳುತ್ತಿದ್ದರು. ನಾವು ಮಾಡುತ್ತಿದ್ದುದು ಬೆಂಜೊಯಿನ್ ಎಂಬ ಹರಳು. ಅದು ಹೈದರಾಬಾದಿಗೆ ಹೋಗಿ, ಅಲ್ಲಿ ಮೂರ್ಛೆರೋಗದ ಗುಳಿಗೆಯಾಗುತ್ತಿತ್ತು. ಅದನ್ನು ಮಾಡಲು ಬೆಂಜಾಲ್ಡಿಹೈಡ್ ಎಂಬ ಎಣ್ಣೆಯಂಥ ದ್ರವ ಬೇಕು. ಅದರ ಎರಡೆರಡು ಅಣುಗಳನ್ನು ಬೆಸೆಯಲು ಸೋಡಿಯಂ ಸೈನೈಡ್ ಬೇಕು. ಬೆಂಜಾಲ್ಡಿಹೈಡಿಗೆ ಕಹಿ ಬಾದಾಮಿಯ ವಾಸನೆ. ಸೈನೈಡಿನಿಂದ ಏಳುವ ವಿಷಾನಿಲಕ್ಕೂ ಹೆಚ್ಚುಕಡಿಮೆ ಅದೇ ವಾಸನೆ. ಬೇರೆ ಕಡೆ ಆ ವಾಸನೆ ಬಂದರೆ ಜನ ಓಡುತ್ತಾರೆ. ನಮ್ಮಲ್ಲಿ ಅದು ದಿನವಿಡೀ ಇರುತ್ತಿದ್ದುದರಿಂದ ಯಾರೂ ಓಡುತ್ತಿರಲಿಲ್ಲ. ಇದು ಅಪಾಯವೆಂದು ತಿಳಿಯುವಷ್ಟು ಬುದ್ಧಿ ಮಾಲೀಕರಿಗೆ ಇರಲಿಲ್ಲ. ಮ್ಯಾಟ್ರಿಕ್ ಪಾಸಾಗಿದ್ದೇನೆಂದು ಎದೆ ಸೆಟೆಸಿ ಓಡಾಡುತ್ತಿದ್ದ ನನಗೂ ಇರಲಿಲ್ಲ.

ಮೈಸೂರು ರಾಜ್ಯದ ಹೆಸರು ಕರ್ನಾಟಕವೆಂದು ಬದಲಾದ ಆಚೀಚಿನ ವರ್ಷಗಳವು. ನಾನು ಸೈನೈಡ್ ಖಾತೆಯ ಜಮಾದಾರ. ಅಂದರೆ ಸೈನೈಡ್ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿ, ಸೈನೈಡ್ ಮಾತ್ರ ಬೇರೆಯವರ ಕೈಯಲ್ಲಿ. ಅದು ಕೋಳಿಮೊಟ್ಟೆಯ ಆಕಾರದ ಬಿಳಿ ಗಟ್ಟಿಗಳಾಗಿ ಬರುತ್ತಿತ್ತು. ನಾವು ಅದನ್ನು ತತ್ತಿ ಎನ್ನುತ್ತಿದ್ದೆವು. ಡ್ರಮ್ಮಿನ ಮುಚ್ಚಳ ತೆಗೆದು, ತತ್ತಿಗಳನ್ನು ತೂಗಿ, ನೀರಿನಲ್ಲಿ ಕರಗಿಸಿ ಕಡಾಯಿಗೆ ಸುರಿಯುವ ಕೆಲಸ ಒಬ್ಬನೇ ಒಬ್ಬ ಮನುಷ್ಯನದು. ಶಹಾಬಾದಿನ ಕಲ್ಲುಗಣಿಯಲ್ಲಿ ಕೆಲಸ ಮಾಡಿ ಬೆನ್ನು ಹೋದ ಮೇಲೆ ನಮ್ಮಲ್ಲಿಗೆ ಬಂದವರು. ನನಗಿಂತ ಹಿರಿಯರು. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಅವರು ನನ್ನನ್ನು ಜಮಾದಾರ್ರ ಎಂದು, ವಯಸ್ಸಿಗೆ ಮೀರಿದ ಮರ್ಯಾದೆ ಕೊಟ್ಟು ಕರೆಯುತ್ತಿದ್ದರು. ಅದು ನನಗೆ ಸಲ್ಲಬೇಕಾದದ್ದೇ ಎಂದು ನಾನು ನಂಬಿದ್ದೆ.

ನನ್ನ ಖಾತೆಯಲ್ಲಿ ಒಂದು ಕಟ್ಟಳೆ ಇತ್ತು. ಕಡಾಯಿಯಿರಲಿ, ಬಕೆಟ್ಟಿರಲಿ, ಪ್ರಯೋಗಶಾಲೆಯಿಂದ ತೊಳೆಯಲು ಬಂದ ಗಾಜಿನ ಸೀಸೆಯಿರಲಿ, ಎಲ್ಲಕ್ಕೂ ಕೊನೆಗೆ ಮಂದ ಸುಣ್ಣದ ನೀರನ್ನು ಕುಂಚದಲ್ಲಿ ಬಳಿದು ಹಾಗೇ ಒಣಗಲು ಬಿಡಬೇಕು. ಸುಣ್ಣಕ್ಕೇನು ಬರ? ನಮ್ಮ ಸೀಮೆಯಲ್ಲಿ ಎಲ್ಲಿ ಅಗೆದರೂ ಸುಣ್ಣದ ಕಲ್ಲು. ಕಟ್ಟಳೆಗೆ ಕಾರಣವೂ ಇತ್ತು. ಸೈನೈಡಿಗೆ ಹುಳಿ ತಾಗಿದರೆ ವಿಷಾನಿಲ ಏಳುತ್ತದೆ. ಬೆಂಜಾಲ್ಡಿಹೈಡ್ ಗಾಳಿಗೆ ಹಳಸಿದರೆ ಅದರಲ್ಲಿ ಬೆಂಜೊಯಿಕ್ ಆಮ್ಲ ಹುಟ್ಟುತ್ತದೆ, ಡ್ರಮ್ಮಿನ ಬಾಯಿಗೆ ಬಿಳಿ ಹಕ್ಕಳೆಯಾಗಿ ಕಟ್ಟುತ್ತದೆ. ಆ ಹುಳಿಯನ್ನು ಸುಣ್ಣ ತಿನ್ನುತ್ತದೆ. ಹಳೆಯ ಕೆಮಿಸ್ಟರೊಬ್ಬರು ಹೇಳಿಕೊಟ್ಟದ್ದು ಅದು. ಅವರು ಹೋದ ಮೇಲೆ, ಅದು ನಾನೇ ಕಂಡುಹಿಡಿದ ವಿದ್ಯೆ ಎಂಬಂತೆ ಹೇಳಿಕೊಳ್ಳುತ್ತಾ ಬಂದೆ.

ಆಗ ಬಂದವನು ಹೊಸ ಕೆಮಿಸ್ಟ್. ಗುಂಡಗುರ್ತಿಯ ಒಕ್ಕಲಿನ ಮನೆಯವನು. ಹೈದರಾಬಾದಿನಲ್ಲಿ ಓದಿ ಬಂದಿದ್ದ. ಬಂದ ವಾರದಲ್ಲೇ ಸೈನೈಡ್ ಕೋಣೆಯ ಬಾಗಿಲಲ್ಲಿ ನಿಂತು ಚಾಚಾನನ್ನು ಮಾತಾಡಿಸಿದ.

"ಚಾಚಾ, ತಲಿ ನೋವು ಬರ್ತದೇನ್ರಿ?"

"ತಲಿ ಇದ್ದವ್ರಿಗಿ ನೋವು ಬರೂದೇ ಸಾಹೇಬ್ರ. ಸಂಜೀಕ ತಿರುಗ್ತದ ಅಷ್ಟೆ. ಬಾಯಿ ಕಹಿ ಆಗ್ತದ. ಬೀಡಿ ಸೇದಿದ್ರ ರುಚಿ ಹತ್ತಂಗಿಲ್ಲ, ಅದೊಂದಾ ದುಃಖ."

"ಈ ಕೆಲಸ ಬಂದ್ ಮಾಡ್ಸಿದ್ರ?"

"ಬಂದ್ ಆದ್ರ ನಾ ಪ್ಯಾಕಿಂಗ್‌ನಾಗ ಕುಂದ್ರತೀನ್ರಿ. ಚೀಲ ಹೊಲ್ಕೋತ. ಅಲ್ಲಾ ನಿಮಗ ಒಳ್ಳೇದ ಮಾಡ್ಲಿ. ಖರೇ ಬಂದ್ ಮಾಡ್ಸ್ತೀರೇನು?"

ಕೆಮಿಸ್ಟ್ ಹೌದೆಂದ. ನಾನು ಹಿಂದೆ ನಿಂತು ಕೇಳಿಸಿಕೊಂಡೆ. ನನ್ನ ಕೋಣೆಯನ್ನು ಮುಚ್ಚುವ ಮಾತನ್ನು ನನ್ನನ್ನು ಬಿಟ್ಟು ಡ್ರಮ್ಮು ತೆಗೆಯುವವನೊಂದಿಗೆ ಆಡಿದ್ದ. ಅಂದಿನಿಂದಲೇ ನಾನು ಅವನನ್ನು ತುಚ್ಛವಾಗಿ ಕಂಡೆ.

ಸೈನೈಡಿನ ಜಾಗದಲ್ಲಿ ಅವನು ಬಳಸಬೇಕೆಂದಿದ್ದದ್ದು ಬಿ-ಒಂದು ಎಂಬ ಜೀವಸತ್ವ, ಥಯಮಿನ್. ಅದನ್ನು ಕೇಳಿ ಇಡೀ ಕಾರ್ಖಾನೆ ನಕ್ಕಿತು. ನಗಿಸಿದವನು ನಾನು. ಅವನಿಗೆ ಟಾನಿಕ್ ಸಾಹೇಬ ಎಂದು ಹೆಸರಿಟ್ಟವನೂ ನಾನೇ. "ಕಡಾಯಿಗೆ ನಿಶ್ಶಕ್ತಿ ಆಗ್ಯಾದಂತ, ಟಾನಿಕ್ ಕುಡಸ್ಲಿಕತ್ತಾರ" ಎಂದು ಕ್ಯಾಂಟೀನಿನಲ್ಲಿ ಹೇಳಿದರೆ, ಮಾಲೀಕರ ಗುಮಾಸ್ತ ಚಹಾ ಉಗುಳುವಷ್ಟು ನಗುತ್ತಿದ್ದ. ಯಾವುದಕ್ಕೂ ನಗುವ ಜನ ಅವರು. ಅವರ ನಗೆಯನ್ನು ನಾನು ಪ್ರಮಾಣಪತ್ರವೆಂದು ತಿಳಿದಿದ್ದೆ.

ಕೆಮಿಸ್ಟ್ ಸಿಟ್ಟಾಗಲಿಲ್ಲ. ಒಂದು ದಿನ ನನ್ನನ್ನೂ ಚಾಚಾನನ್ನೂ ಪ್ರಯೋಗಶಾಲೆಗೆ ಕರೆದು ಕರಿಹಲಗೆಯ ಮೇಲೆ ಐದು ಮೂಲೆಯ ಉಂಗುರ ಬರೆದ. ಒಂದು ಮೂಲೆಯಲ್ಲಿ ನೈಟ್ರೋಜನ್, ಇನ್ನೊಂದರಲ್ಲಿ ಗಂಧಕ, ಅವೆರಡರ ನಡುವೆ ಒಂದು ಕಾರ್ಬನ್.

"ಈ ಕಾರ್ಬನ್ ಮ್ಯಾಲ ಒಂದ ಹೈಡ್ರೋಜನ್ ಅದ. ಸ್ವಲ್ಪ ಕಾಸ್ಟಿಕ್ ಸೋಡಾ ಹಾಕಿದ್ರ ಅದು ಕಳಚಿ ಹೋಗ್ತದ. ಆಗ ಈ ಕಾರ್ಬನ್ ಹತ್ರ ಯಾರಿಗೂ ಕೊಡದ ಎರಡ ಎಲೆಕ್ಟ್ರಾನ್ ಉಳೀತಾವ. ನೈಟ್ರೋಜನ್ ಮ್ಯಾಲ ಧನ, ಕಾರ್ಬನ್ ಮ್ಯಾಲ ಋಣ, ಎರಡೂ ಒಂದೇ ಉಂಗುರದಾಗ. ಹಂಗ ನೋಡಿದ್ರ ಇದು ಬೀಟೇನ್ ಜಾತಿದು. ಇನ್ನೊಂದ ಥರಾ ನೋಡಿದ್ರ ಕಾರ್ಬೀನ್. ಇದು ಸೈನೈಡ್ ಮಾಡೂ ಕೆಲಸಾನೇ ಮಾಡ್ತದ. ಆಲ್ಡಿಹೈಡಿಗಿ ಅಂಟ್ಕೋತದ, ಅದರ ಸ್ವಭಾವ ತಿರುವ್ತದ, ಇನ್ನೊಂದ ಆಲ್ಡಿಹೈಡ್ ಜೋಡಿಸಿ ತಾ ಬಿಡಿಸ್ಕೊಂಡ ಬರ್ತದ."

"ಆ ಕಾರ್ಬೀನ್ ಎಲ್ಲದ್ರಿ, ತೋರಿಸ್ರಿ" ಎಂದೆ.

"ಅದನ್ನ ಇನ್ನೂ ಯಾರೂ ಬಾಟಲ್‌ದಾಗ ಹಿಡಿದಿಲ್ರಿ. ಹುಟ್ಟಿದ ಗಳಿಗ್ಯಾಗ ಏನರ ಹಿಡ್ಕೋತದ."

"ಅಂದ್ರ ಕಾಣದ ದೇವ್ರು" ಎಂದು ನಾನು ಚಾಚಾನ ಕಡೆ ತಿರುಗಿ ನಕ್ಕೆ. ಚಾಚಾ ನಗಲಿಲ್ಲ. ಹಲಗೆಯನ್ನೇ ನೋಡುತ್ತಾ, "ತತ್ತಿ ಬಿಟ್ರ ಸಾಕ್ರಿ. ಏನರ ಇರ್ಲಿ" ಎಂದರು.

ಕೆಮಿಸ್ಟ್ ಒಂದು ಎಚ್ಚರಿಕೆಯನ್ನೂ ಹೇಳಿದ್ದ. ಕಾಸ್ಟಿಕ್ ಅಳತೆ ಮೀರಬಾರದು. ಮಂಜುಗಡ್ಡೆಯಲ್ಲಿ ಪಾತ್ರೆ ಇಟ್ಟು ಹನಿಹನಿಯಾಗಿ ಬಿಡಬೇಕು. ಹೆಚ್ಚಾದರೆ, ಅಥವಾ ಬಿಸಿಯಾದರೆ, ಉಂಗುರವೇ ಬಾಯಿ ಬಿಡುತ್ತದೆ. ಕಡು ಹಳದಿಯಾಗಿ, ಗಂಧಕದ ನಾತ ಹೊಡೆದು ಎಲ್ಲವೂ ಕೆಡುತ್ತದೆ. ಈ ಮಾತು ನನ್ನ ಕಿವಿಗೆ ಬಿದ್ದಿತ್ತು. ಅದನ್ನು ಆಮೇಲೆ ಹೇಗೆ ಬಳಸಿಕೊಂಡೆನೆಂಬುದನ್ನೇ ನಾನು ಇಲ್ಲಿ ಬರೆಯುತ್ತಿರುವುದು.

ಅವನು ತಾನೇ ತೊಳೆದುಕೊಂಡ ಗಾಜಿನ ಸೀಸೆಗಳಲ್ಲಿ ಕೆಲಸ ಚೆನ್ನಾಗಿಯೇ ಆಗುತ್ತಿತ್ತು. ಥಯಮಿನ್ ಅನ್ನು ನೀರಿನಲ್ಲಿ ಕರಗಿಸಿ, ಸ್ಪಿರಿಟ್ ಬೆರೆಸಿ, ತಣಿಸಿ, ಕಾಸ್ಟಿಕ್ ಬಿಟ್ಟರೆ ಮೊದಲು ಹಳದಿಯಾಗಿ ನಂತರ ತಿಳಿಯಾಗುತ್ತಿತ್ತು. ಹೊಸದಾಗಿ ಭಟ್ಟಿ ಇಳಿಸಿದ ಬೆಂಜಾಲ್ಡಿಹೈಡ್ ಹಾಕಿ, ಕೈ ತಡೆಯುವಷ್ಟೇ ಬಿಸಿಯಲ್ಲಿಟ್ಟು, ಆರಲು ಬಿಟ್ಟರೆ ಸೂಜಿಯಂಥ ಹರಳು. ಇದನ್ನು ನೋಡಿ ಮಾಲೀಕರು ಆಳೊಬ್ಬ ಮಾತ್ರ ಇಳಿಯಬಹುದಾದ ಸಣ್ಣ ಕಡಾಯಿಯಲ್ಲಿ ಮೂರು ಸಲ ಮಾಡಿ ನೋಡಲು ಒಪ್ಪಿಗೆ ಕೊಟ್ಟರು. ಹರಳು ಬಂದರೆ ಸೈನೈಡ್ ಕೋಣೆಗೆ ಬೀಗ. ಬಾರದಿದ್ದರೆ ಹೊಸ ಡ್ರಮ್ಮುಗಳಿಗೆ ಬೇಡಿಕೆ. ಮಾಲೀಕರಿಗೆ ಚಾಚಾನ ತಲೆನೋವಿನ ಚಿಂತೆ ಇರಲಿಲ್ಲ. ಇನ್‌ಸ್ಪೆಕ್ಟರರು ಬಂದಾಗಲೆಲ್ಲ ಸೈನೈಡ್ ಕೋಣೆಯ ಬಗ್ಗೆ ಕೇಳುತ್ತಿದ್ದ ಪ್ರಶ್ನೆಗಳ ಕಿರಿಕಿರಿ ತಪ್ಪಿದರೆ ಸಾಕಿತ್ತು.

ಮೊದಲ ಸಲ ಕಡಾಯಿಗೆ ಸುರಿದು ಸ್ವಲ್ಪ ಹೊತ್ತಿಗೇ ದ್ರಾವಣ ಹಳದಿಗೇರಿತು. ಮೊಟ್ಟೆ ಕೊಳೆತಂಥ ನಾತ ಬಂತು. ಎಷ್ಟು ಆರಿಸಿದರೂ ಹರಳಿಲ್ಲ. ತಳದಲ್ಲಿ ಕಂದು ರಾಡಿ. ಬಿಸಿಲಿಗೆ ಕಡಾಯಿ ಕಾದಿತ್ತೆಂದು ಕೆಮಿಸ್ಟ್ ತೀರ್ಮಾನಿಸಿದ. ಎರಡನೆಯ ಸಲಕ್ಕೆ ವಾಡಿಯಿಂದ ಹೊಟ್ಟಿನಲ್ಲಿ ಹೂತ ಮಂಜುಗಡ್ಡೆ ತರಿಸಿ, ಕಡಾಯಿಯ ಸುತ್ತ ಗೋಣಿಚೀಲ ಸುತ್ತಿ ತಣಿಸಿದ. ಮತ್ತೆ ಅದೇ ಹಳದಿ, ಅದೇ ನಾತ. ಕಡಾಯಿಯ ಒಳಗಿನ ಎನಾಮೆಲ್ ಎಲ್ಲಾದರೂ ಚಕ್ಕೆ ಎದ್ದು ಕಬ್ಬಿಣ ತಾಗುತ್ತಿದೆಯೇ ಎಂದು ತಲೆ ಒಳಗೆ ಹಾಕಿ ಹುಡುಕಿದ. ಎನಾಮೆಲ್ ಬಿಳಿ. ಅದರ ಮೇಲೆ ಒಣಗಿದ ನನ್ನ ಸುಣ್ಣವೂ ಬಿಳಿ. ಸುಣ್ಣದ ಕಟ್ಟಳೆ ಗೊತ್ತಿಲ್ಲದ ಅವನಿಗೆ ಏನೂ ಕಾಣಲಿಲ್ಲ.

"ಕಡಾಯಿ ಸ್ವಚ್ಛ ತೊಳದೀರಲ್ರಿ?"

"ಚೊಕ್ಕ ತೊಳದೀನ್ರಿ" ಎಂದೆ. ಆಗ ನಾನು ನಂಬಿಯೇ ಹೇಳಿದ್ದೆ. ಅಲ್ಲಿಯವರೆಗೆ ನನ್ನದು ಬರೀ ದಡ್ಡತನ.

ಸ್ಪಿರಿಟ್ ಕೆಟ್ಟಿರಬಹುದೆಂದು ಅವನಿಗೆ ಅನುಮಾನ ಬಂತು. ಕಡಾಯಿಗೆ ಬಳಸಿದ ಸ್ಪಿರಿಟ್ಟನ್ನೇ ತಂದು ಎರಡು ಸೀಸೆಗಳಲ್ಲಿ ಕೆಲಸ ಇಟ್ಟ. ಒಂದು ಸೀಸೆ ಅವನು ತೊಳೆದದ್ದು. ಇನ್ನೊಂದು, ಸೀಸೆ ಸಾಲದಿದ್ದಾಗ ನನ್ನ ಖಾತೆಯಿಂದ ತರಿಸಿದ್ದು. ಎಲ್ಲ ಬೆರೆಸಿ ಬಿಸಿನೀರಿನ ತೊಟ್ಟಿಯಲ್ಲಿಟ್ಟು, ನೋಡುತ್ತಿರಿ ಎಂದು ನನಗೆ ಹೇಳಿ, ಮಾಲೀಕರು ಕರೆದರೆಂದು ಆಫೀಸಿಗೆ ಹೋದ. ನಾನು ಸ್ಟೂಲಿನ ಮೇಲೆ ಕುಳಿತು ನೋಡಿದೆ. ಅವನ ಸೀಸೆ ತಿಳಿಯಾಗಿಯೇ ಉಳಿಯಿತು. ನನ್ನದು ಕಣ್ಣೆದುರಿಗೇ ಹಳದಿಯಾಯಿತು. ಅದರ ಕತ್ತಿನ ಒಳಗೆ ಬೆರಳು ಸವರಿದೆ. ಬೆರಳಿಗೆ ಬಿಳಿ ಪುಡಿ.

ಅರ್ಥವಾಗಲು ಕರಿಹಲಗೆ ಬೇಕಿರಲಿಲ್ಲ. ಅವನು ಹನಿ ಎಣಿಸಿ ಕಾಸ್ಟಿಕ್ ಬಿಡುತ್ತಿದ್ದ. ಕಾಸ್ಟಿಕ್ಕಿನ ಹಾಗೆ ಸುಣ್ಣವೂ ಕ್ಷಾರವೇ; ಅದನ್ನು ನಾನು ಕುಂಚದಲ್ಲಿ ಬಳಿದಿಟ್ಟಿದ್ದೆ. ಸೈನೈಡಿನಿಂದ ನಮ್ಮನ್ನು ಕಾಯುತ್ತಿದ್ದ ಸುಣ್ಣವೇ ಅವನ ಉಂಗುರವನ್ನು ಒಡೆಯುತ್ತಿತ್ತು. ಓಡಿ ಹೋಗಿ ಹೇಳಬೇಕಿತ್ತು. ಹೇಳಿದರೆ ನಾನು ತಪ್ಪಿದವನಾಗುತ್ತಿದ್ದೆ, ಟಾನಿಕ್ ಸಾಹೇಬ ಗೆಲ್ಲುತ್ತಿದ್ದ, ನನ್ನ ಕೋಣೆಗೆ ಬೀಗ ಬೀಳುತ್ತಿತ್ತು. ಆಮೇಲೆ ನಾನು ಯಾವುದರ ಜಮಾದಾರ? ಪ್ಯಾಕಿಂಗಿನಲ್ಲಿ ಚೀಲ ಹೊಲಿಯುವವರ ಮೇಲೆಯೇ? ಇಷ್ಟು ಕ್ಷುಲ್ಲಕ ಲೆಕ್ಕ ನನ್ನದು. ಇನ್ನೂ ದೊಡ್ಡದೊಂದು ಕಾರಣವಿತ್ತೆಂದು ಹೇಳಿಕೊಳ್ಳಲು ಎಷ್ಟೋ ವರ್ಷ ಹುಡುಕಿದ್ದೇನೆ, ಸಿಕ್ಕಿಲ್ಲ.

ನನ್ನ ಸೀಸೆಯನ್ನು ಮೋರಿಗೆ ಸುರಿದು ಕಲ್ಲಿಗೆ ಕುಕ್ಕಿ ಒಡೆದೆ. ಅವನು ಬಂದಾಗ, "ಒಂದು ಕೈ ಜಾರಿ ಒಡೀತ್ರಿ" ಎಂದೆ.

ಅವನು ಉಳಿದ ಸೀಸೆಯನ್ನು ಬೆಳಕಿಗೆ ಹಿಡಿದು, "ಹಂಗಾದ್ರ ಸ್ಪಿರಿಟ್ ಸರಿ ಅದ. ಇರ್ಲಿ ಬಿಡ್ರಿ, ನಿಮಗ ಗಾಯ ಆಗಿಲ್ಲಲ?" ಎಂದ.

ಮೂರನೆಯ ಸಲದ ಹಿಂದಿನ ಸಂಜೆ ಚಾಚಾ ಬಂದು ನಿಂತರು. "ಜಮಾದಾರ್ರ, ನಾಳಿ ನಮ್ಮ ಕಡಾಯಿ. ಇವತ್ತ ನಾನೇ ತೊಳೀತೀನಿ. ಬ್ಯಾರೇವ್ರು ಹ್ಯಾಂಗರ ತೊಳೀತಾರ."

ಅವರು ಕಡಾಯಿಯೊಳಗೆ ಇಳಿದು ಉಜ್ಜಿ ಉಜ್ಜಿ ತೊಳೆದರು. ಮೇಲೆ ಬಂದು ಕೇಳಿದರು: "ಸುಣ್ಣ ಹಚ್ಲೇನ್ರಿ? ಸಾಹೇಬ್ರು ಈ ಕಡಾಯಿಗಿ ತತ್ತಿ ಹಾಕಂಗಿಲ್ಲಲ್ರಿ. ಸುಣ್ಣ ಯಾಕ?"

ಆ ಪ್ರಶ್ನೆ ಅವರಿಗೆ ಹೊಳೆದಿತ್ತು. ನಾನು ಅವರ ಮುಖ ನೋಡದೆ, "ಯಾವಾಗ್ಲೂ ಹಚ್ಚೂ ಹಂಗ ಹಚ್ರಿ. ಮಂದ ಹಚ್ರಿ" ಎಂದೆ. ಚಾಚಾ ಬಕೆಟ್ ತುಂಬಿಕೊಂಡು ಮತ್ತೆ ಇಳಿದರು. ತಳದ ತೂಬಿನ ಸುತ್ತ ಎರಡೆರಡು ಸಲ ಬಳಿದರು. ಕೆಲಸದಲ್ಲಿ ಕಳ್ಳತನ ಅರಿಯದ ಮನುಷ್ಯ.

ಮೂರನೆಯದೂ ಕೆಟ್ಟಿತು. ಹಳದಿ ನೀರಿನ ಮುಂದೆ ಕೆಮಿಸ್ಟ್ ತುಂಬ ಹೊತ್ತು ನಿಂತಿದ್ದ. ಮಾಲೀಕರು ಕರವಸ್ತ್ರ ಮೂಗಿಗೆ ಹಿಡಿದು ಬಂದು, "ಏನ್ ಸಾಹೇಬ್ರ, ಟಾನಿಕ್ ಹೊಲಸು ನಾರ್ಲಿಕತ್ತದಲ್ಲ" ಎಂದರು. ನಾನು ಇಟ್ಟ ಹೆಸರು ಅವರ ಬಾಯಿಗೂ ಹೋಗಿತ್ತು. ಅವನನ್ನು ಗಣಿಯ ಕಲ್ಲು ಅರೆದು ಸುಣ್ಣದ ಅಂಶ ಅಳೆಯುವ ಕೆಲಸಕ್ಕೆ ಕೂರಿಸಿದರು. ಹೊಸ ಸೈನೈಡ್ ಡ್ರಮ್ಮುಗಳು ವಾಡಿಯ ಗೂಡ್ಸ್ ಶೆಡ್ಡಿಗೆ ಬಂದಿಳಿದವು. ಚಾಚಾ ಮುಖಕ್ಕೆ ವಸ್ತ್ರ ಸುತ್ತಿಕೊಂಡು ಮುಚ್ಚಳ ತೆಗೆಯಲು ನಿಂತರು.

ಮಳೆಗಾಲಕ್ಕೆ ಮುಂಚೆ ಮಾಲೀಕರು ಎಲ್ಲಿಂದಲೋ ಅಗ್ಗದ ಬೆಂಜಾಲ್ಡಿಹೈಡ್ ತರಿಸಿದರು. ಡ್ರಮ್ಮಿನ ಬಾಯಿಯ ತುಂಬ ಬಿಳಿ ಹಕ್ಕಳೆ. ಹಿಂತಿರುಗಿಸಬೇಕಾಗಿತ್ತು. ಸುಣ್ಣ ಇದೆಯಲ್ಲ, ತಿನ್ನುತ್ತದೆ ಎಂದು ಹೇಳಿದವನು ನಾನು. ಅಷ್ಟು ಹುಳಿಯನ್ನು ಒಂದು ಪದರ ಸುಣ್ಣ ತಿನ್ನಲಾರದು ಎಂಬುದು ನನಗೆ ಹೊಳೆಯಲಿಲ್ಲ. ಚಾಚಾ ಕಡಾಯಿಯ ಮೇಲೆ ಬಗ್ಗಿ ಸೈನೈಡ್ ನೀರು ಸುರಿಯುತ್ತಿದ್ದರು. ವಾಸನೆ ಎಂದಿನದೇ, ಬಾದಾಮಿ. ಅವರು ಒಂದು ಸಲ ತಲೆ ಕೊಡವಿದರು, ಕಡಾಯಿಯ ಬದಿಯ ಕಟಾಂಜನ ಹಿಡಿಯಲು ಕೈ ಚಾಚಿದರು, ಅದು ಕೈಗೆ ಸಿಕ್ಕದೆ ಕುಸಿದರು.

ಎಳೆದು ಹೊರಗೆ ತಂದವನು ನಾನೇ. ಕಲ್ಲು ಅರೆಯುತ್ತಿದ್ದ ಕೆಮಿಸ್ಟ್ ಓಡಿ ಬಂದು, ತನ್ನ ಕಪಾಟಿನಲ್ಲಿ ಇಂಥದ್ದಕ್ಕೆಂದೇ ಇಟ್ಟಿದ್ದ ಔಷಧದ ಗಾಜಿನ ಕೊಳವೆಗಳನ್ನು ಬಟ್ಟೆಯಲ್ಲಿ ಒಡೆದು ಚಾಚಾನ ಮೂಗಿಗೆ ಹಿಡಿದ. ಉಸಿರು ನಿಂತು ನಿಂತು ಬಂತು. ಜೀಪಿನಲ್ಲಿ ಹಾಕಿ ಆಸ್ಪತ್ರೆಗೆ ಒಯ್ದೆವು. ಜೀವ ಉಳಿಯಿತು. ಆದರೆ ತಿಂಗಳುಗಳ ಮೇಲೆ ಅವರು ಎದ್ದು ಓಡಾಡತೊಡಗಿದಾಗ ಬೇರೆಯೇ ಮನುಷ್ಯ. ಹೆಜ್ಜೆ ಎಳೆದು ಇಡುತ್ತಿದ್ದರು. ಕೈ ನಡುಗುತ್ತಿತ್ತು. ಮುಖ ಕಲ್ಲಿನಂತೆ ಬಿಗಿದಿತ್ತು. ಮಾತು ಒಂದೊಂದೇ ಪದವಾಗಿ ಬರುತ್ತಿತ್ತು. ಡಾಕ್ಟರರು ಅದು ಹೋಗುವುದಿಲ್ಲ ಎಂದರು.

ಚಾಚಾನನ್ನು ಆಸ್ಪತ್ರೆಗೆ ಸೇರಿಸಿ ಮರಳಿದ ಮರುದಿನವೇ ನಾನು ಕೆಮಿಸ್ಟನ ಮುಂದೆ ಹೋಗಿ ನಿಂತೆ. ಧೈರ್ಯದಿಂದ ಹೋದದ್ದಲ್ಲ. ಒಳಗೆ ಇಟ್ಟುಕೊಳ್ಳಲಾಗಲಿಲ್ಲ, ಅಷ್ಟೆ.

"ಕಡಾಯಿಗೆ ಸುಣ್ಣ ಇತ್ರಿ" ಎಂದೆ.

ಅವನು ಎದ್ದು ಬಂದ. ಸಣ್ಣ ಕಡಾಯಿಯ ಗೋಡೆಯನ್ನು ಉಗುರಿನಿಂದ ಕೆರೆದ. ಕೆರೆದ ಪುಡಿಯ ಮೇಲೆ, ಕ್ಷಾರ ತಾಗಿದರೆ ಬಣ್ಣ ತಿರುಗುವ ಫಿನಾಲ್ಫ್ಥಲೀನ್ ಒಂದು ಹನಿ ಬಿಟ್ಟ. ಕಡು ಗುಲಾಬಿಯಾಯಿತು.

"ಮೂರೂ ಸಲ?"

"ಮೊದಲಿನ ಎರಡು ಸಲ ನನಗ ಗೊತ್ತಿರಲಿಲ್ರಿ."

"ಮೂರನೇದು?"

ಅವನು ಗುಲಾಬಿ ಬಣ್ಣವನ್ನೇ ನೋಡುತ್ತಾ ನಿಂತ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ನನಗೂ ಒಂದು ಸಿಟ್ಟು ಹುಟ್ಟಿ ಹಗುರಾಗುತ್ತಿತ್ತು. ಅವನು ಹೇಳಿದ್ದಿಷ್ಟೆ: "ಕಡಾಯಿದಾಗ ಸುಣ್ಣ ಉಳದಿತ್ತು ಅಂತ ಮಾಲೀಕರಿಗಿ ನಾ ಹೇಳ್ತೀನಿ. ಯಾರು ಏನು ಅಂತ ಹೇಳಂಗಿಲ್ಲ. ಚಾಚಾಗ ಮಾತ್ರ ನೀವೇ ಹೇಳ್ರಿ."

ಕಡಾಯಿಯನ್ನು ತೆಳು ಆಮ್ಲದಲ್ಲಿ ತೊಳೆದು, ಭಟ್ಟಿ ಇಳಿಸಿದ ನೀರಿನಲ್ಲಿ ಜಾಲಿಸಿ, ಗುಲಾಬಿ ಬಣ್ಣ ಬರದಷ್ಟು ಸ್ವಚ್ಛ ಮಾಡಿದೆವು. ಮಾಲೀಕರು ಅಪಘಾತದ ಹೆದರಿಕೆಯಲ್ಲಿದ್ದರು, ಬೇಡವೆನ್ನಲಿಲ್ಲ. ಈ ಸಲ ದ್ರಾವಣ ತಿಳಿಯಾಗಿಯೇ ಇತ್ತು. ಆರಿದ ಮೇಲೆ ಕೆಮಿಸ್ಟ್ ಗಾಜಿನ ಕಡ್ಡಿಯಿಂದ ಗೋಡೆಗೆ ಗೀರಿದ. ಗೀರಿದಲ್ಲಿಂದ ಹರಳು ಹಬ್ಬಿ, ನೋಡುನೋಡುತ್ತ ಕಡಾಯಿಯ ತುಂಬ ಬಿಳಿ ಗಂಜಿಯಂತೆ ಗಟ್ಟಿಯಾಯಿತು. ಸೈನೈಡ್ ಕೋಣೆಗೆ ಬೀಗ ಬಿತ್ತು. ಮಾಲೀಕರು, ತೊಳೆಯುವ ಹೊಸ ಪದ್ಧತಿ ತಂದದ್ದಕ್ಕೆ ನನ್ನ ಬೆನ್ನು ತಟ್ಟಿದರು. ಆ ಕೈಯನ್ನು ನಾನು ತಳ್ಳಲಿಲ್ಲ.

ಚಾಚಾಗೆ ಹೇಳುವುದು ಉಳಿಯಿತು. ನಾಳೆ ಎಂದೆ, ಈದ್ ಕಳೆಯಲಿ ಎಂದೆ, ಅವರ ಮಗಳ ಮದುವೆಯಾಗಲಿ ಎಂದೆ. ಎದುರು ಸಿಕ್ಕಾಗಲೆಲ್ಲ ಅವರು ನಡುಗುವ ಕೈ ಹಣೆಗೆ ಎತ್ತಿ, "ಜಮಾದಾರ್ರು... ನನ್ನ ಎಳದು... ಹೊರಗ ತಂದ್ರು" ಎಂದು ಪಕ್ಕದವರಿಗೆ ಹೇಳುತ್ತಿದ್ದರು. ನಾನು ತಲೆ ಬಾಗಿಸಿ ನಿಲ್ಲುತ್ತಿದ್ದೆ, ವಿನಯದಿಂದ ಎಂಬಂತೆ. ಈ ನಾಚಿಕೆಗೇಡಿನ ವಿನಯವನ್ನು ವರ್ಷಗಟ್ಟಲೆ ಮಾಡಿದೆ. ಕೆಮಿಸ್ಟ್ ಬೇರೆ ಊರಿಗೆ ಹೋದ. ಹೋಗುವಾಗ, "ಹೇಳಿದ್ರೇನ್ರಿ?" ಎಂದು ಒಂದೇ ಸಲ ಕೇಳಿದ. ಹೇಳಿದೆನೆಂದು ಸುಳ್ಳು ಹೇಳಿದೆ.

ಕೊನೆಗೆ ಹೋದೆ. ಚಾಚಾ ಮನೆಯ ಮುಂದಿನ ಹಾಸುಗಲ್ಲಿನ ಮೇಲೆ ಕುಳಿತಿದ್ದರು. "ಬರ್ರಿ... ಕುಂದ್ರಿ" ಎಂದು ಜಾಗ ಬಿಟ್ಟುಕೊಟ್ಟು, ಒಳಗೆ ಸೊಸೆಗೆ ಚಹಾ ಇಡಲು ಕೂಗಿದರು. ನಾನು ಕುಳಿತು ಎಲ್ಲವನ್ನೂ ಹೇಳಿದೆ. ಉಂಗುರ, ಸುಣ್ಣ, ಒಡೆದ ಸೀಸೆ, ಮಂದ ಹಚ್ರಿ ಎಂದದ್ದು. ಅವರ ಬಿಗಿದ ಮುಖದಲ್ಲಿ ಏನಾಗುತ್ತಿದೆಯೆಂದು ತಿಳಿಯುವಂತಿರಲಿಲ್ಲ.

ಅವರು ಕೇಳಿದರು: "ಅವತ್ತ... ನಾ ಕೇಳಿದ್ನಲ್ಲ... ಸುಣ್ಣ ಯಾಕ ಅಂತ. ಅವಾಗ ನಿಮಗ... ಗೊತ್ತಿತ್ತು?"

"ಗೊತ್ತಿತ್ತು ಚಾಚಾ."

ಅವರು ನನ್ನಿಂದ ಕಣ್ಣು ತೆಗೆದು ಬಾಗಿಲಿನ ಕಡೆ ತಿರುಗಿದರು. ತಿರುಗಲು ಅವರಿಗೆ ಸಮಯ ಹಿಡಿಯಿತು. ದನಿ ಎತ್ತರಿಸಲಿಲ್ಲ.

"ಬೇಟೀ... ಚಾ ಬ್ಯಾಡ. ಇವ್ರು ಹೊಂಟಾರ."

ನಾನು ಇನ್ನೂ ಕುಳಿತೇ ಇದ್ದೆ. ಆಮೇಲೆ ಎದ್ದೆ.